ಕಣಿಗೆ ಇಳಿದವನ ಕಥೆ

ಆಟಿ ತಿಂಗಳಲ್ಲಿ ಗಿಟಾರ್ ಮುಟ್ಟಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ, ಕಾಸರಗೋಡಿನ ಮಳೆ ಹೇಳುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಊರು ನಮ್ಮದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಹೊಸ ತಂತಿ ಹಾಕಿ ಎರಡು ವಾರ ಕಳೆಯುವಷ್ಟರಲ್ಲಿ ಬೆರಳ ತುದಿಗೆ ಕಂದು ಬಣ್ಣ ಹತ್ತುತ್ತದೆ, ಮೂರನೆಯ ವಾರ ಹಳೆಯ ಬಾವಿಯ ರಾಟೆಯ ವಾಸನೆ ಬರುತ್ತದೆ. ಮರ ತೇವ ಕುಡಿದು ಉಬ್ಬಿ, ತಂತಿಗಳು ಮೇಲೇರಿ, ಒಂದು ಸ್ವರ ಒತ್ತುವುದೆಂದರೆ ತುಕ್ಕು ಹಿಡಿದ ಗೇಟಿನ ಚಿಲಕ ಹಾಕಿದಂತಾಗುತ್ತದೆ. ಅಮ್ಮ ತೆಂಗಿನೆಣ್ಣೆ ಸವರು ಎಂದರು. ಸವರಿದೆ. ತುಕ್ಕು ನಿಂತಿತು, ನಾದವೂ ನಿಂತಿತು.

ಇಂಥ ಕಾಲದಲ್ಲಿ ಕೆನಡಾದ ಒಬ್ಬ ಹಾಡುಗಾರನ ಬದುಕನ್ನು ಕನ್ನಡದಲ್ಲಿ ಹೇಳುತ್ತೇನೆಂದು ಒಪ್ಪಿಕೊಂಡದ್ದು ನನ್ನ ಬಾಯಿಯ ತಪ್ಪು. ಜೂನ್ 19ರ ವಾಚನ ದಿನ ಮುಗಿದ ಮೇಲೆ ನಮ್ಮೂರಿನ ಗ್ರಂಥಾಲಯದ ಸಮಿತಿ ಸಭೆ ಸೇರಿತ್ತು. ತಿಂಗಳಿಗೊಂದು ಉಪನ್ಯಾಸ ಎಂಬ ವ್ಯವಸ್ಥೆ. ಗೋವಿಂದ ಪೈಗಳು ಆಗಿದ್ದರು, ಕಯ್ಯಾರರು ಆಗಿದ್ದರು, ಪಾರ್ತಿಸುಬ್ಬ ವರ್ಷಕ್ಕೊಮ್ಮೆ ಆಗಿಯೇ ಆಗುತ್ತಾನೆ. ಗ್ರಂಥಪಾಲಕಿ ನನ್ನತ್ತ ತಿರುಗಿ, "ಅಣ್ಣಾ, ನೀವು ಒಂದು ಕಾಲದಲ್ಲಿ ಗಿಟಾರ್ ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿದವರಲ್ಲವೇ, ಸಂಗೀತದವರು ಯಾರ ಬಗ್ಗೆಯಾದರೂ ಮಾತನಾಡಿ" ಎಂದಳು. ನೀಲ್ ಯಂಗ್ ಎಂದುಬಿಟ್ಟೆ. ಕಾರ್ಯದರ್ಶಿಗಳು ಬರೆದುಕೊಂಡರು. ಮರುವಾರ ಅಂಟಿಸಿದ ನೋಟೀಸಿನಲ್ಲಿ "ಶ್ರೀ ನೀಲಯಂಗ ಅವರ ಬದುಕು ಮತ್ತು ಸಾಧನೆ" ಎಂದಿತ್ತು. ಯಾರೋ ಬಂದು ಇವರು ಯಾವ ಊರಿನ ನೀಲಯ್ಯ ಎಂದು ವಿಚಾರಿಸಿಕೊಂಡು ಹೋದರಂತೆ.

ನನ್ನ ತಿರುಗಾಟದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಮಂಗಳೂರಿನಲ್ಲಿ ಓದುವಾಗ ರಸಮಂಜರಿ ತಂಡಗಳಲ್ಲಿ ನುಡಿಸಿದೆ. ಮೂರು ತಂಡ ಬಿಟ್ಟೆ, ಎರಡು ಕೆಲಸ ಬಿಟ್ಟೆ, ಅಪ್ಪ ತೀರಿಕೊಂಡ ಮೇಲೆ ತೋಟಕ್ಕೆ ಬಂದೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಎಂದು ಅಮ್ಮ ಈಗಲೂ ನೆಂಟರಿಗೆ ನನ್ನನ್ನು ಪರಿಚಯಿಸುತ್ತಾರೆ. ಹಾಸ್ಟೆಲಿನ ದಿನಗಳಲ್ಲಿ ಯಾರೋ ನಕಲು ಮಾಡಿಕೊಟ್ಟ, ಹೆಸರೇ ಬರೆಯದ ಕ್ಯಾಸೆಟ್ಟಿನಲ್ಲಿ ಈ ಮನುಷ್ಯನ ದನಿ ಮೊದಲು ಕೇಳಿದ್ದೆ. ಹಾಡುವವರು ಹೆಂಗಸೋ ಗಂಡಸೋ ಎಂದು ತಿಳಿಯದೆ ಒಂದು ವಾರ ಕಳೆದಿತ್ತು.

ಉಪನ್ಯಾಸಕ್ಕೆ ಇದ್ದದ್ದು ಏಳು ವಾರ. 1968ರ ಮೊದಲ ಸ್ವಂತ ಆಲ್ಬಮಿನಿಂದ ಸಾಲಾಗಿ ಕೇಳುತ್ತ ಬರುವುದೆಂದು ಲೆಕ್ಕ ಹಾಕಿದೆ. ಸ್ಟುಡಿಯೋ ಆಲ್ಬಮ್‌ಗಳೇ ನಲವತ್ತಕ್ಕೂ ಹೆಚ್ಚು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಡಿಕೆ ಒಣಗಿಸುವ ಅಂಗಳದ ಈಶಾನ್ಯ ಮೂಲೆಯಲ್ಲಿ ಮಾತ್ರ. ಹಾಗಾಗಿ ಕೊಡೆ ಹಿಡಿದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ನಿಲ್ಲುತ್ತಿದ್ದೆ. ಆಳುಗಳು ಇವನಿಗೆ ಏನೋ ಆಗಿದೆ ಎಂದು ಮಾತನಾಡಿಕೊಂಡದ್ದು ಕಿವಿಗೆ ಬಿತ್ತು. ತಮಾಷೆಯೆಂದರೆ, ಹಾಡನ್ನು ಹೀಗೆ ಹಿಂಡಿ ಹಿಪ್ಪೆ ಮಾಡಿ ಮೊಬೈಲಿಗೆ ಕಳುಹಿಸುವುದರ ಮೇಲೇ ಆ ಮನುಷ್ಯನಿಗೆ ಕೋಪ. ಶುದ್ಧ ಧ್ವನಿ ಕೇಳಿಸಲೆಂದು 2014ರಲ್ಲಿ ಪೋನೋ ಎಂಬ ತ್ರಿಕೋನಾಕಾರದ ಯಂತ್ರಕ್ಕೆ ಅಭಿಮಾನಿಗಳಿಂದ 60 ಲಕ್ಷ ಡಾಲರಿಗೂ ಹೆಚ್ಚು ಹಣ ಎತ್ತಿದ. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. 2022ರ ಜನವರಿಯಲ್ಲಿ, ಕೊರೋನಾ ಲಸಿಕೆಯ ಬಗ್ಗೆ ತಪ್ಪು ಮಾಹಿತಿ ಹರಡಲು ಬಿಡುತ್ತಿದ್ದಾರೆಂದು ಸ್ಪಾಟಿಫೈನಿಂದ ಹಾಡುಗಳನ್ನೇ ತೆಗೆಸಿದ. 2024ರಲ್ಲಿ ಗೊಣಗುತ್ತಲೇ ಮರಳಿದ. ಕೊಡೆಯ ಕೆಳಗೆ ನಾನು ಕೇಳುತ್ತಿದ್ದುದನ್ನು ಅವನು ನೋಡಿದ್ದರೆ ಇಯರ್‌ಫೋನ್ ಕಿತ್ತು ಕೆರೆಗೆ ಎಸೆಯುತ್ತಿದ್ದನೇನೋ.

ಬಾಲ್ಯದ ಕಥೆ ಹೇಳುವುದು ಕಷ್ಟವಾಗಲಿಲ್ಲ. 1945ರ ನವೆಂಬರ್ 12ರಂದು ಟೊರೊಂಟೊದಲ್ಲಿ ಜನನ. ತಂದೆ ಪತ್ರಕರ್ತ. 1951ರಲ್ಲಿ ಪೋಲಿಯೊ ಬಂದು ಬದುಕಿ ಉಳಿದ. ಅಪ್ಪ ಅಮ್ಮ ಬೇರೆಯಾದ ಮೇಲೆ ತಾಯಿಯೊಂದಿಗೆ ವಿನಿಪೆಗ್‌ಗೆ ಹೋದ. ನಾನು ಅಮ್ಮನಿಗೆ ಓದಿ ಹೇಳಿದಾಗ ಅವರು ಕಿವಿ ನಿಮಿರಿಸಿದ್ದು ಕಾರಿನ ಪ್ರಸಂಗಕ್ಕೆ. ಈ ಹುಡುಗ ತನ್ನ ತಂಡದ ಸಾಮಾನು ಸಾಗಿಸಲು ಕೊಂಡದ್ದು ಹೆಣ ಸಾಗಿಸುವ ಹಳೆಯ ಬ್ಯೂಕ್ ಕಾರು. ಶವಪೆಟ್ಟಿಗೆ ಜಾರಿಸಲು ಅದರೊಳಗೆ ಉರುಳೆಗಳಿದ್ದವು, ಭಾರದ ಆಂಪ್ಲಿಫೈಯರ್ ತುಂಬಿಸಲು ಅನುಕೂಲ. "ಶಿವ ಶಿವಾ, ಅದಕ್ಕೆ ಒಂದು ಹೋಮವಾದರೂ ಮಾಡಿಸಿದ್ದನೇ?" ಎಂದು ಅಮ್ಮ ಕೇಳಿದರು. ಮಾಡಿಸಿದಂತಿಲ್ಲ, 1965ರಲ್ಲಿ ಆ ಕಾರು ದಾರಿಯಲ್ಲೇ ಪ್ರಾಣ ಬಿಟ್ಟಿತು. ಬುದ್ಧಿ ಬಂತೇ? ಮರುವರ್ಷ ಇನ್ನೊಂದು ಶವವಾಹನ ಕೊಂಡು, ಗೆಳೆಯ ಬ್ರೂಸ್ ಪಾಮರ್ ಜೊತೆಗೆ ಟೊರೊಂಟೊದಿಂದ ಲಾಸ್ ಏಂಜಲೀಸ್‌ಗೆ ಹೊರಟ. ಅಲ್ಲಿನ ಸನ್‌ಸೆಟ್ ಬುಲೆವಾರ್ಡ್‌ನಲ್ಲಿ ವಾಹನಗಳ ಜಂಗುಳಿ. ಹಿಂದೊಮ್ಮೆ ಕೆನಡಾದಲ್ಲಿ ಪರಿಚಯವಾಗಿದ್ದ ಸ್ಟೀಫನ್ ಸ್ಟಿಲ್ಸ್ ಅದೇ ರಸ್ತೆಯಲ್ಲಿದ್ದ. ಒಂಟಾರಿಯೊದ ನಂಬರ್ ಪ್ಲೇಟು ಹೊತ್ತ ಹೆಣದ ಕಾರು ಕಂಡರೆ ಒಳಗಿರುವವನು ಯಾರೆಂದು ಬೇರೆ ಕೇಳಬೇಕೇ? ಬಫಲೊ ಸ್ಪ್ರಿಂಗ್‌ಫೀಲ್ಡ್ ತಂಡ ಹುಟ್ಟಿದ್ದು ಆ ಟ್ರಾಫಿಕ್ಕಿನಿಂದ. ಎರಡು ವರ್ಷದ ಆ ತಂಡವನ್ನೂ ಅವನು ನಡುನಡುವೆ ಬಿಟ್ಟು ಹೋಗುತ್ತಿದ್ದ. ಹತ್ತು ವರ್ಷದ ಬಳಿಕ ಅದೇ ಸ್ಟಿಲ್ಸ್ ಜೊತೆಗಿನ ಪ್ರವಾಸವನ್ನು ಅರ್ಧಕ್ಕೇ ಬಿಟ್ಟು, ಒಂದು ಟೆಲಿಗ್ರಾಂ ಕಳುಹಿಸಿ ಬಸ್ಸನ್ನು ಬೇರೆ ದಾರಿಗೆ ತಿರುಗಿಸಿದ. ತಂಡ ಬಿಡುವಾಗ ನಾನು ಟೆಲಿಗ್ರಾಂ ಕೂಡ ಕಳುಹಿಸಿರಲಿಲ್ಲ.

ಮೂರನೆಯ ವಾರ ಯಕ್ಷಗಾನದ ಭಾಗವತರ ಮನೆಗೆ ಹೋದೆ. ಮೇಳ ಬಿಟ್ಟು ಹತ್ತು ವರ್ಷವಾದರೂ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಗೆಜ್ಜೆ ಬಿಚ್ಚಿದ ಮೇಲೆಯೇ ಅವರು ಮನೆಯಲ್ಲಿ ನೆಮ್ಮದಿಯಿಂದ ಕೂರುವುದು. ನನಗೆ ನಲವತ್ತಾರಾದರೂ ಅವರಿಗೆ ನಾನು ಮಾಣಿಯೇ. ಮೊಬೈಲಿನಲ್ಲಿ ಒಂದು ಹಾಡು ಹಾಕಿ ಕೊಟ್ಟೆ. ಕಣ್ಣು ಮುಚ್ಚಿ ಕೇಳಿ, ಶ್ರುತಿಪೆಟ್ಟಿಗೆ ತರಿಸಿ, ಒಂದೆರಡು ಕೀಲಿ ಒತ್ತಿ ನೋಡಿದರು. "ಎತ್ತರದ ಶ್ರುತಿ. ಕಂಠ ಸಪೂರ, ಸ್ವಲ್ಪ ಅಲುಗುತ್ತದೆ. ಆದರೆ ಶ್ರುತಿ ಬಿಡುವುದಿಲ್ಲ. ಇವನನ್ನು ಮೈಕ್ ಇಲ್ಲದೆ ರಂಗಸ್ಥಳದಲ್ಲಿ ಕೂರಿಸಿದರೂ ಕೊನೆಯ ಸಾಲಿಗೆ ಕೇಳುತ್ತದೆ" ಎಂದರು. ಅಮೆರಿಕದ ವಿಮರ್ಶಕರು ಈ ಕಂಠದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ನನಗೆ ಇಷ್ಟು ಸಾಕಾಯಿತು.

ಆಮೇಲೆ 1969ರ, ಕ್ರೇಜಿ ಹಾರ್ಸ್ ತಂಡದೊಂದಿಗಿನ ಮೊದಲ ಆಲ್ಬಮ್ ಹಾಕಿದೆ. ಅದರ ಮೂರು ಮುಖ್ಯ ಹಾಡುಗಳನ್ನು ಯಂಗ್ ಜ್ವರ ಬಂದು ಮಲಗಿದ್ದಾಗ ಬರೆದನೆಂದು ಅವನೇ ಹೇಳಿಕೊಂಡಿದ್ದಾನೆ. ಮೊದಲನೆಯ ಹಾಡಿನಲ್ಲಿ ಗಿಟಾರಿನ ಒಂದು ಬಿಡಿ ನುಡಿಸಾಣಿಕೆ ಬರುತ್ತದೆ. ಮತ್ತೆ ಮತ್ತೆ ಒಂದೇ ಸ್ವರ. ರಸಮಂಜರಿಯ ದಿನಗಳಲ್ಲಿ ನಾನು ಅದನ್ನು ಗೇಲಿ ಮಾಡಿದ್ದವನು. "ಇದು ನೋಡಿ, ಒಂದೇ ಸ್ವರ ಬಡಿಯುತ್ತಾನೆ" ಎಂದೆ.

ಭಾಗವತರು ಕಣ್ಣು ತೆರೆದರು. "ಮಾಣಿ, ಜಾಗಟೆಗೆ ಎಷ್ಟು ಸ್ವರ ಉಂಟು?"

ನಾನು ಬಾಯಿ ಮುಚ್ಚಿದೆ. ಅವರು ಕಾಫಿಯ ಸ್ಟೀಲ್ ಲೋಟವನ್ನು ಮಗುಚಿ ಬೆರಳ ಗೆಣ್ಣಿನಿಂದ ಬಡಿದು ತೋರಿಸಿದರು. ಅಂಚಿಗೆ ಒಂದು, ನಡುವಿಗೆ ಒಂದು, ಬಡಿದ ತಕ್ಷಣ ಬೆರಳಿಟ್ಟು ನಿಲ್ಲಿಸಿದ್ದು ಒಂದು. ಮತ್ತೆ ಹಾಡು ಹಾಕಿಸಿದರು. ಈ ಸಲ ನನಗೂ ಕೇಳಿಸಿತು: ಒಂದು ಪೆಟ್ಟಿನಂತೆ ಇನ್ನೊಂದಿಲ್ಲ, ಪ್ರತಿ ಸಲವೂ ತಂತಿ ಒಂದಿಷ್ಟು ಎಳೆದುಕೊಳ್ಳುತ್ತದೆ. ಆ ಹಾಡಿಗೆ ಗಿಟಾರಿನ ಮೊದಲ ಮತ್ತು ಆರನೆಯ ತಂತಿಗಳೆರಡನ್ನೂ ಒಂದು ಸ್ವರ ಇಳಿಸಿ ಶ್ರುತಿ ಮಾಡುತ್ತಾರೆ. ಮೇಲೂ ಕೆಳಗೂ ಒಂದೇ ಸ್ವರ ಮೊಳಗುತ್ತಿರುತ್ತದೆ, ನಡುವೆ ಪದ ನಡೆಯುತ್ತದೆ. ಇದನ್ನು ಬಿಡಿಸಿ ಹೇಳಿದಾಗ ಭಾಗವತರಿಗೆ ಏನೂ ಆಶ್ಚರ್ಯವಾಗಲಿಲ್ಲ.

ಮನೆಗೆ ಬಂದು ತಂತಿ ಇಳಿಸಿದೆ. ಮೊದಲನೆಯದು ತುಂಡಾಯಿತು. ಮರುದಿನ ಮಳೆ ಹೊಳವಾದದ್ದರಿಂದ ಅಡಿಕೆಯ ಕೊಳೆರೋಗಕ್ಕೆ ಎರಡನೆಯ ಸಲ ಔಷಧಿ ಬಿಡಬೇಕಾಗಿತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ದ್ರಾವಣ ಹದವಾಗಿದೆಯೇ ಎಂದು ನೋಡಲು ಕತ್ತಿಯ ಅಲಗನ್ನು ಅದ್ದುವುದು ವಾಡಿಕೆ. ಕಬ್ಬಿಣಕ್ಕೆ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಕತ್ತಿ ಕೈಗೆ ಸಿಗಲಿಲ್ಲ. ಜೇಬಿನಲ್ಲಿದ್ದ ತುಂಡು ತಂತಿಯನ್ನೇ ಅದ್ದಿದೆ. ಅರೆ ನಿಮಿಷದಲ್ಲಿ ತಾಮ್ರದ ತಂತಿಯಂತೆ ಕೆಂಪಾಗಿ ಬಂತು. ಇನ್ನೊಂದು ಹಿಡಿ ಸುಣ್ಣ ಹಾಕಿದೆವು. ತುಕ್ಕು ಎಂಬ ಪದವನ್ನು ಆಲ್ಬಮಿನ ಹೆಸರಿಗೇ ಏರಿಸಿದವನ ಬಗ್ಗೆ ಟಿಪ್ಪಣಿ ಮಾಡುತ್ತಿರುವಾಗ ಇದು ನಡೆಯಬೇಕೇ! ತುಕ್ಕು ನಿದ್ದೆ ಮಾಡುವುದಿಲ್ಲ ಎಂಬ ಅರ್ಥದ ಆ 1979ರ ಹೆಸರು ಮೂಲದಲ್ಲಿ ಒಂದು ಬಣ್ಣದ ಕಂಪನಿಯ ಜಾಹೀರಾತಿನಿಂದ ಬಂದದ್ದು. ಡೆವೊ ತಂಡದವರು ಅವನ ಕಿವಿಗೆ ಹಾಕಿದ್ದು.

ನನ್ನ ನಿಜವಾದ ತೊಡಕು ಒಂದು ಪದದಲ್ಲಿತ್ತು. 1972ರಲ್ಲಿ "ಹಾರ್ವೆಸ್ಟ್" ಬಂತು. ಬೆನ್ನುನೋವಿನಿಂದ ಭಾರದ ವಿದ್ಯುತ್ ಗಿಟಾರ್ ಹಿಡಿದು ನಿಲ್ಲಲಾಗದೆ, ಕುಳಿತು ಹಗುರ ಗಿಟಾರಿನಲ್ಲಿ ನುಡಿಸಿದ ಹಾಡುಗಳು ಅದರಲ್ಲಿ ಹೆಚ್ಚು. ಒಂದು ಹಾಡು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಬೇರೆಯವರಾದರೆ ಅಂಥದ್ದೇ ಇನ್ನೊಂದು ಆಲ್ಬಮ್ ಮಾಡಿ ಮೂರು ತಲೆಮಾರಿಗೆ ಕೂಡಿಡುತ್ತಿದ್ದರು. ಇವನು 1977ರ ಒಂದು ಸಂಕಲನದ ಟಿಪ್ಪಣಿಯಲ್ಲಿ ಬರೆದದ್ದು ಹೀಗೆ: ಆ ಹಾಡು ತನ್ನನ್ನು ರಸ್ತೆಯ ನಟ್ಟನಡುವೆ ತಂದು ನಿಲ್ಲಿಸಿತು, ಅಲ್ಲಿ ಸಾಗುವುದು ಬೇಸರವಾಯಿತು, ಅದಕ್ಕೇ "ಡಿಚ್" ಕಡೆಗೆ ತಿರುಗಿದೆ, ಹಾದಿ ಒರಟು, ಆದರೆ ಅಲ್ಲಿ ಸಿಕ್ಕವರು ಹೆಚ್ಚು ಸ್ವಾರಸ್ಯದ ಜನ. ಮುಂದಿನ ಮೂರು ಆಲ್ಬಮ್‌ಗಳಿಗೆ ಆ ಪದದ ಹೆಸರೇ ಅಂಟಿಕೊಂಡಿತು.

ಡಿಚ್ಚಿಗೆ ಕನ್ನಡದಲ್ಲಿ ಏನೆನ್ನುವುದು? ಕಾರ್ಯದರ್ಶಿಗಳು ಚರಂಡಿ ಎಂದರು. ಚರಂಡಿ ಎಂದ ಕೂಡಲೇ ಪಂಚಾಯತಿಗೆ ಅರ್ಜಿ ಬರೆಯಬೇಕೆನಿಸುತ್ತದೆ. ನಿವೃತ್ತ ಮೇಷ್ಟರು ಹೊಂಡ ಎಂದರು. ಹೊಂಡಕ್ಕೆ ಬಿದ್ದವನು ಎಂದರೆ ಎತ್ತಲು ಹಗ್ಗ ತರುತ್ತಾರೆ. ಇಳಿದವನನ್ನು ಬಿದ್ದವನೆಂದು ಹೇಳಿದರೆ ಇಡೀ ಬದುಕೇ ತಲೆಕೆಳಗಾಗುತ್ತದೆ. ಎರಡು ವಾರ ಈ ಒಂದು ಪದಕ್ಕಾಗಿ ಟಿಪ್ಪಣಿ ಮುಂದೆ ಸಾಗಲಿಲ್ಲ.

ಅದು ಸಿಕ್ಕಿದ್ದು ಗುದ್ದಲಿ ಹಿಡಿದು ನಿಂತಿದ್ದಾಗ. ಅಡಿಕೆಯ ಸಾಲುಗಳ ನಡುವೆ ನೀರು ಹರಿದುಹೋಗುವ ಕಣಿಯಲ್ಲಿ ಹಾಳೆ, ಸೋಗೆ ಸಿಕ್ಕಿಕೊಂಡು ನೀರು ಕಟ್ಟಿತ್ತು. ಮೊಣಕಾಲಿನವರೆಗೆ ಇಳಿದು ಕಸ ಎತ್ತಿದೆ. ನೀರು ಒಮ್ಮೆ ತಡವರಿಸಿ, ಆಮೇಲೆ ಸದ್ದು ಮಾಡಿಕೊಂಡು ಓಡಿತು. ಒಂದು ಏಡಿ ಕಾಲ ಮೇಲಿನಿಂದ ಹಾದುಹೋಯಿತು. ಅಂಚಿನುದ್ದಕ್ಕೂ ತಿಮರೆ, ಅಂದರೆ ಒಂದೆಲಗ, ಹಬ್ಬಿತ್ತು, ಮಧ್ಯಾಹ್ನದ ತಂಬುಳಿಗೆ ಒಂದು ಹಿಡಿ ಕಿತ್ತುಕೊಂಡೆ. ಗಟ್ಟಿ ನೆಲದಲ್ಲಿ ಅಡಿಕೆ ನಿಂತಿರುತ್ತದೆ, ನಿಜ. ಕಣಿ ಇಲ್ಲದ ತೋಟದಲ್ಲಿ ಬೇರು ಕೊಳೆತು ಆ ಅಡಿಕೆಯೂ ಇರುವುದಿಲ್ಲ. ಅಲ್ಲಿಂದಲೇ ಗ್ರಂಥಪಾಲಕಿಗೆ ಫೋನ್ ಮಾಡಿ "ಕಣಿ" ಎಂದೆ. ಅವಳು ಯಾವ ಕಣಿ, ಯಾರಿಗೆ ಏನಾಯಿತು ಎಂದು ಗಾಬರಿಯಾದಳು.

ಕಣಿಗೆ ಇಳಿದದ್ದಕ್ಕೆ ಬೇಸರವೊಂದೇ ಕಾರಣವಲ್ಲ, ಒಂದು ಸಾವೂ ಇತ್ತು. ಕ್ರೇಜಿ ಹಾರ್ಸ್‌ನ ಗಿಟಾರ್ ವಾದಕ ಡ್ಯಾನಿ ವಿಟನ್ ಮಾದಕ ವಸ್ತುವಿಗೆ ಬಿದ್ದಿದ್ದ. "ಹಾರ್ವೆಸ್ಟ್" ಬಳಿಕದ ದೊಡ್ಡ ಪ್ರವಾಸಕ್ಕೆ ಅವನನ್ನು ಅಭ್ಯಾಸಕ್ಕೆ ಕರೆಸಿಕೊಂಡರು. ಅವನಿಂದ ಆಗಲಿಲ್ಲ. 1972ರ ನವೆಂಬರ್ 18ರಂದು ಯಂಗ್ ಅವನ ಕೈಗೆ 50 ಡಾಲರ್ ಮತ್ತು ಲಾಸ್ ಏಂಜಲೀಸ್‌ಗೆ ವಿಮಾನದ ಟಿಕೆಟ್ ಕೊಟ್ಟು ಕಳುಹಿಸಿದ. ಅದೇ ರಾತ್ರಿ ವಿಟನ್ ಸತ್ತ. ಮರುವರ್ಷ ತಂಡದ ಸಾಮಾನು ನೋಡಿಕೊಳ್ಳುತ್ತಿದ್ದ ಬ್ರೂಸ್ ಬೆರ್ರಿಯೂ ಹಾಗೆಯೇ ಹೋದ. ಇಬ್ಬರ ನೆನಪಿನಲ್ಲಿ, 1973ರಲ್ಲಿ, ನಡುರಾತ್ರಿಗಳಲ್ಲಿ ಕುಡಿದು ಹಾಡಿದ ಹಾಡುಗಳು ಒಂದು ಆಲ್ಬಮ್ ಆದವು. ದನಿ ಒಡೆಯುತ್ತದೆ, ಮೈಕಿಗೆ ಮುಖ ತಾಗುವುದು ಕೇಳಿಸುತ್ತದೆ. ಅದು ಹೊರಬರುವಾಗ 1975. ಅಷ್ಟರಲ್ಲಿ ಇನ್ನೊಂದು ಇಂಪಾದ ಆಲ್ಬಮ್ ಕೂಡ ಸಿದ್ಧವಿತ್ತು. ಗೆಳೆಯರಿಗೆ ಎರಡನ್ನೂ ಕೇಳಿಸಿ, ಇಂಪಾದದ್ದನ್ನು ಪೆಟ್ಟಿಗೆಗೆ ಹಾಕಿ, ಒಡೆದ ದನಿಯದನ್ನು ಬಿಡುಗಡೆ ಮಾಡಿದ. ಇಂಪಾದದ್ದು ಹೊರಬಂದದ್ದು 2020ರಲ್ಲಿ.

ಎಂಬತ್ತರ ದಶಕವನ್ನು ನಾನು ಹತ್ತು ನಿಮಿಷಕ್ಕೆ ಇಳಿಸಿದೆ. ಆ ಕಾಲದ ಕೆಲವು ಆಲ್ಬಮ್‌ಗಳನ್ನು ಎರಡನೆಯ ಸಲ ಕೇಳುವ ತಾಳ್ಮೆ ನನ್ನಲ್ಲಿಲ್ಲ. ಆದರೆ ದನಿಯನ್ನು ಯಂತ್ರಕ್ಕೆ ಹಾಕಿ ಗುರುತೇ ಸಿಗದಂತೆ ಮಾಡಿದ "ಟ್ರಾನ್ಸ್" ಬಗ್ಗೆ ಎಲ್ಲರೂ ನಕ್ಕಾಗ ನಾನೂ ನಕ್ಕಿದ್ದೆ. ಅವನ ಮಗ ಬೆನ್‌ಗೆ ಸೆರೆಬ್ರಲ್ ಪಾಲ್ಸಿ, ಮಾತು ಬರುವುದಿಲ್ಲ. ಮಗನ ಜೊತೆ ಮಾತು ಮುಟ್ಟದ ಅಪ್ಪನ ಹಾಡು ಅದೆಂದು ತಿಳಿದ ಮೇಲೆ ನಗು ಬರಲಿಲ್ಲ. ಇವನ ಹಾಡುಗಳು ಇವನ ಹಾಡುಗಳಂತಿಲ್ಲ ಎಂದು ಅವನ ಆಲ್ಬಮ್‌ಗಳನ್ನು ಹೊರತರುತ್ತಿದ್ದ ಗೆಫೆನ್ ಕಂಪನಿಯೇ 1983ರಲ್ಲಿ 33 ಲಕ್ಷ ಡಾಲರಿಗೆ ದಾವೆ ಹೂಡಿತು, ಆಮೇಲೆ ರಾಜಿಯಾಯಿತು. 1985ರಲ್ಲಿ ವಿಲ್ಲಿ ನೆಲ್ಸನ್, ಜಾನ್ ಮೆಲೆನ್‌ಕ್ಯಾಂಪ್ ಜೊತೆ ಸೇರಿ, ಸಾಲದಲ್ಲಿ ಮುಳುಗಿದ ರೈತರಿಗಾಗಿ ಫಾರ್ಮ್ ಏಡ್ ಸಂಗೀತ ಕಾರ್ಯಕ್ರಮ ಆರಂಭಿಸಿದ. ಇದು ನಮ್ಮ ಸಭೆಗೆ ಹಿಡಿಸುತ್ತದೆಂದು ಅಡಿಗೆರೆ ಎಳೆದಿಟ್ಟೆ.

ಉಪನ್ಯಾಸದ ಸಂಜೆ ಮೂವತ್ತೊಂದು ಜನ ಬಂದಿದ್ದರು, ಎಣಿಸಿದೆ. ಐದೂವರೆಗೆ ಶುರು, ಐದು ನಲವತ್ತಕ್ಕೆ ಕರೆಂಟು ಹೋಯಿತು. ಸ್ಪೀಕರ್, ಲ್ಯಾಪ್‌ಟಾಪು, ಏಳು ವಾರ ಜೋಡಿಸಿದ ಹಾಡಿನ ತುಣುಕುಗಳು ಎಲ್ಲ ಕತ್ತಲಾದವು. ಎರಡು ಮೇಣದ ಬತ್ತಿ ಹಚ್ಚಿದರು. ಬಾಯಿಮಾತಿನಲ್ಲೇ ಕಥೆ ಮುಂದುವರಿಸಿದೆ. ಹೆಣದ ಕಾರಿಗೆ ನಗು. ಕೊಟ್ಟಿಗೆಯ ಕಥೆಗೆ ಇನ್ನೂ ಜೋರು ನಗು: ಯಂಗ್ ತನ್ನ ತೋಟದ ಮನೆಯ ಗೋಡೆಗೆ ಒಂದು ಬದಿಯ ಧ್ವನಿ, ಕೊಟ್ಟಿಗೆಗೆ ಇನ್ನೊಂದು ಬದಿಯ ಧ್ವನಿ ಜೋಡಿಸಿ, ಕೆರೆಯ ನಡುವೆ ದೋಣಿಯಲ್ಲಿ ಕುಳಿತು "ಹಾರ್ವೆಸ್ಟ್" ಕೇಳಿದನಂತೆ. ದಡದಿಂದ ಹೇಗಿದೆ ಎಂದು ಕೇಳಿದಾಗ ಅವನು ಕೂಗಿದ್ದು "ಕೊಟ್ಟಿಗೆ ಹೆಚ್ಚು ಮಾಡಿ!" ಗೆಳೆಯ ಗ್ರಹಾಂ ನ್ಯಾಶ್ ಹೇಳುವ ಕಥೆ ಇದು. ಹಿಂದಿನ ಬೆಂಚಿನಿಂದ ಯಾರೋ "ನಮ್ಮಲ್ಲಿ ಹಟ್ಟಿ ಮಾತ್ರವೇ ಕೇಳುವುದು" ಎಂದರು.

ಆ ಒಂದೇ ಸ್ವರದ ಹಾಡನ್ನು ನುಡಿಸಿ ತೋರಿಸಲೇಬೇಕಾಯಿತು. ತಂತಿಗಳು ಹೊಸವಾಗಿದ್ದರೂ ಮಳೆಗೆ ಗಿಟಾರ್ ಶ್ರುತಿ ಕಳೆದುಕೊಂಡಿತ್ತು. ಮುಂದಿನ ಸಾಲಿನಲ್ಲಿದ್ದ ಭಾಗವತರು ಹೇಳದೆ ಕೇಳದೆ ಒಂದು ಸ್ವರ ಹಿಡಿದು ನಿಂತರು. ಅದಕ್ಕೆ ಕೂಡಿಸಿಕೊಂಡೆ. ಹೆಂಚಿನ ಮೇಲೆ ಮಳೆ ಎಷ್ಟು ಜೋರಾಗಿತ್ತೆಂದರೆ ನಾನು ನುಡಿಸಿದ್ದು ಎರಡನೆಯ ಸಾಲಿನಾಚೆ ಯಾರಿಗೂ ಕೇಳಿಸಿರಲಾರದು. ಫಾರ್ಮ್ ಏಡ್ ಬಗ್ಗೆ ಹೇಳಿದಾಗ ಮಾತ್ರ ಯಾರೂ ಅಲುಗಲಿಲ್ಲ. ಅಡಿಕೆಗೆ ಅವನು ಏನು ಮಾಡಿದ್ದಾನೆ ಎಂಬ ಮುಖ. ವಿಟನ್‌ನ ಕಥೆಗೆ ಯಾವ ಪ್ರಶ್ನೆಯೂ ಬರಲಿಲ್ಲ. ಚಹಾ, ಅವಲಕ್ಕಿ, ವಂದನಾರ್ಪಣೆ.

ರಾತ್ರಿ ಹತ್ತರ ಸುಮಾರಿಗೆ ಭಾಗವತರ ಫೋನ್ ಬಂತು. ಸಿಗ್ನಲ್ ಮೂಲೆಗೆ ಓಡಿ, ಕೊಡೆ ಬಿಡಿಸಿ ನಿಂತೆ.

"ಮಾಣಿ, ಆ ಐವತ್ತು ಡಾಲರ್ ಕೊಟ್ಟು ಕಳುಹಿಸಿದ ಹುಡುಗನ ಹೆಸರು ಏನೆಂದೆ?"

"ಡ್ಯಾನಿ ವಿಟನ್."

ಅಕ್ಷರ ಬಿಡಿಸಿ ಹೇಳಿಸಿಕೊಂಡರು. ಪೆನ್ನು ಕಾಗದದ ಮೇಲೆ ಓಡುವ ಸದ್ದು ಕೇಳಿತು. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಮ್ಮ ಹಿಮ್ಮೇಳದಲ್ಲಿ ಒಬ್ಬ ಮದ್ದಳೆಯವನಿದ್ದ. ಕುಡಿತ. ಆಟದ ನಡುವೆ ತಾಳ ತಪ್ಪಿದ. ಬೆಳಿಗ್ಗೆ ಬಸ್ಸಿನ ಖರ್ಚು ಕೊಟ್ಟು ಕಳುಹಿಸಿದೆ."

ಆಮೇಲೆ ಏನಾಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

"ನಿನ್ನ ತೋಟದಲ್ಲಿ ನೀರು ಇಳಿದು ಹೋಗುತ್ತಿದೆಯೇ?" ಎಂದರು.

"ಹೋಗುತ್ತಿದೆ. ಇಲ್ಲಿಗೇ ಕೇಳಿಸುತ್ತದೆ" ಎಂದೆ.